ಎಡಗಡೆ ಇಟ್ಟ ಕಾಗದ

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಆ ಬೆಳಿಗ್ಗೆ ಗುರುತಿಲ್ಲದ ಮುಖದವರು ಮೂವರೇ ಇದ್ದರು. ಚನ್ನೇಶ್ ಮೂವರನ್ನೂ ಎರಡೆರಡು ಸಲ ನೋಡಿದ. ಒಬ್ಬ ಬಳೆ ಮಾರುವವನು. ಒಬ್ಬ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡ ಮುದುಕ. ಮೂರನೆಯವನು ಕರಿ ಬೂಟು ಹಾಕಿದ್ದ, ದಪ್ಪ ಮೀಸೆಯವನು. ಅವನು ತಿರುಗಿ ನೋಡಿದಾಗ ಚನ್ನೇಶ್ ಕಂಬದ ಮರೆಗೆ ಸರಿದ. ಆದರೆ ಮೀಸೆಯವನು ದಾವಣಗೆರೆ ಬಸ್ಸು ಹತ್ತಿ ಹೊರಟುಹೋದ. ಹೊರಟುಹೋದ ಬಸ್ಸಿನ ಹಿಂದಿನ ಹೊಗೆಯನ್ನೇ ನೋಡುತ್ತ ನಿಂತವನಿಗೆ, ತಾನು ಮನೆಯಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡೆನೋ ಇಲ್ಲವೋ ಎಂದು ಅನುಮಾನವಾಯಿತು; ಹಣೆ ಮುಟ್ಟಿಕೊಂಡ. ಇತ್ತು. "ರೀ, ಬುತ್ತಿ ಇಲ್ಲೇ ಬಿಟ್ಟು ಹೊಂಟೀರಲ್ಲ, ಮೈಯಾಗೆ ಆರಾಮಿಲ್ಲೇನು?" ಎಂದು ಹೆಂಡತಿ ಶರಣ್ಯ ಬಾಗಿಲವರೆಗೂ ಬಂದು ಕೇಳಿದ್ದಳು. ಅವನು ಬುತ್ತಿ ತೆಗೆದುಕೊಂಡು, ಅವಳ ಮುಖ ನೋಡದೆ ಮೆಟ್ಟಿಲಿಳಿದಿದ್ದ. ಇವತ್ತು ಶುಕ್ರವಾರ. ತೀರ್ಥೇಶ್ ಎಂಬ, ಚನ್ನೇಶ್ ಈವರೆಗೆ ಕಣ್ಣಿಂದ ನೋಡಿಲ್ಲದ ಒಬ್ಬ, ಹೊಸಬಾಳೆಯ ರಾಜಪ್ಪನ ಮಗಳು ಮಾಲಾಳನ್ನು ಹುಡುಕಿಕೊಂಡು ಪುಣೆಯಿಂದ ಬರುತ್ತೇನೆಂದು ಬರೆದಿದ್ದ ದಿನ. ಅಂಥವನೊಬ್ಬ ಭೂಮಿಯ ಮೇಲೆ ಇದ್ದಾನೆಂದೇ ಮಾಲಾಗೆ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಹೆಣ್ಣಾಗಿ ಅವನ ಜೊತೆ ಎರಡು ತಿಂಗಳು ಮಾತಾಡಿ, ಕೊನೆಗೆ ಅವಳ ಹೆಸರು ಕೊಟ್ಟವನು ಅವಳಿಗೆ ಟೈಪಿಂಗ್ ಕಲಿಸುವ ಈ ಚನ್ನೇಶ್ ಮೇಷ್ಟ್ರು.

ಸೊರಬದ ಬಸ್ಸಿನಲ್ಲಿ ಅವನು ಯಾವಾಗಲೂ ಕೂರುವ ಕಿಟಕಿಯ ಸೀಟು ಸಿಕ್ಕಿತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಸೊರಬದ ಶಾಖೆಯಲ್ಲಿ ಪಾಠ. ಮಿಕ್ಕ ದಿನ ಶಿಕಾರಿಪುರದಲ್ಲಿ. ಹದಿನಾಲ್ಕು ವರ್ಷದಿಂದ ಹೀಗೇ. ಕೀಲಿ ನೋಡಿ ಹೊಡೆಯುವ ಹುಡುಗ ಹುಡುಗಿಯರ ಬೆರಳ ಮೇಲೆ ಸ್ಕೇಲಿನಿಂದ ಮೆಲ್ಲಗೆ ತಟ್ಟಿ ಅವನು ಹೇಳುತ್ತಿದ್ದ ಮಾತು ಒಂದೇ: ಕಾಗದ ಎಡಗಡೆ ಇರಲಿ, ಕಣ್ಣು ಕಾಗದದ ಮೇಲಿರಲಿ, ಬೆರಳು ತಾನೇ ಹೋಗುತ್ತದೆ, ನಡುವೆ ತಲೆ ತೂರಿಸಬೇಡಿ. ಓದಿ ಅರ್ಥಮಾಡಿಕೊಂಡು ಹೊಡೆಯುವವನ ವೇಗ ಎಂದೂ ನಿಮಿಷಕ್ಕೆ ನಲವತ್ತು ಪದ ದಾಟುವುದಿಲ್ಲ. ಚನ್ನೇಶನ ವೇಗ ಎಂಬತ್ತು. ಕೋರ್ಟಿನ ತೀರ್ಪು, ಮದುವೆ ಪತ್ರಿಕೆ, ಯಾರದೋ ಸಾವಿನ ದೃಢೀಕರಣ, ಎಲ್ಲ ಅವನ ಬೆರಳಿಂದ ಹಾದುಹೋಗಿವೆ. ಒಂದರಲ್ಲಿಯೂ ಏನಿತ್ತೆಂದು ಅವನಿಗೆ ನೆನಪಿಲ್ಲ. ಅದೇ ಅವನ ಹೆಮ್ಮೆಯಾಗಿತ್ತು. ಬಸ್ಸು ತಾಳಗುಂದದ ಹತ್ತಿರ ನಿಧಾನವಾಯಿತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು, ಕಾವಲಿಗೆ ಸಾಲಾಗಿ ಕಲ್ಲಿಟ್ಟಿದ್ದರು. ಡ್ರೈವರು ಬೈಯುತ್ತ ಮಗ್ಗುಲಿಗೆ ಎಳೆದ. ಕಲ್ಲಿಟ್ಟರೆ ಸಾಕು, ಅಷ್ಟು ದೊಡ್ಡ ಬಸ್ಸೂ ಪಕ್ಕಕ್ಕೆ ಹೋಗುತ್ತದೆ. ಮಾಲಾಳ ಸುತ್ತ ಇಡಲು ತನ್ನ ಹತ್ತಿರ ಒಂದು ಕಲ್ಲೂ ಇಲ್ಲವಲ್ಲ ಎನ್ನಿಸಿತು.

ಗಣಪತಿ ಹಬ್ಬದ ಹೊತ್ತಿಗೆ ಟೈಪಿಂಗ್ ಶಾಲೆಯ ಯಜಮಾನರಾದ ಪರಮಶಿವಪ್ಪನವರು ಶಿಕಾರಿಪುರದ ಶಾಲೆಗೆ ಕಂಪ್ಯೂಟರು ತಂದರು. ಎರಡು ಸಾಲು ಟೈಪ್‌ರೈಟರುಗಳ ಹಿಂದೆ, ಗಾಜಿನ ಬಾಗಿಲ ಒಳಗೆ, ಪ್ಲಾಸ್ಟಿಕ್ ಹೊದಿಕೆ ಹಾಕಿ ಅದನ್ನು ಕೂರಿಸಿದರು. "ಮೇಷ್ಟ್ರೇ, ಇನ್ನು ನಿಮ್ಮ ಕಟಕಟ ಮೆಷಿನ್ನು ಯಾರೂ ಮೂಸಿ ನೋಡಂಗಿಲ್ಲ, ಇದನ್ನ ಕಲೀರಿ" ಎಂದು ಹುಡುಗಿಯರ ಎದುರಿಗೇ ನಕ್ಕರು. ಹುಡುಗಿಯರೂ ನಕ್ಕರು. ಆ ನಗೆಯನ್ನು ಚನ್ನೇಶ್ ಮನೆಗೆ ಹೊತ್ತುಕೊಂಡು ಹೋಗಿ ಅನ್ನದ ಜೊತೆ ನುಂಗಿದ. ಮಧ್ಯಾಹ್ನ ಯಜಮಾನರು ಊಟ ಮಾಡಿ ಮಲಗುವ ಎರಡು ಗಂಟೆ ಗಾಜಿನ ಕೋಣೆ ಅವನದಾಯಿತು. ಇಂಟರ್ನೆಟ್ಟಿಗೆಂದು ಟೆಲಿಫೋನಿನ ತಂತಿ ಶಿವಮೊಗ್ಗಕ್ಕೆ ತಗಲಿಕೊಳ್ಳುವಾಗ ಕಂಪ್ಯೂಟರು ಕಿರುಚುತ್ತಿತ್ತು. ಅವನು ಅದರ ಮೇಲೆ ಟವೆಲು ಮುಚ್ಚುತ್ತಿದ್ದ. ಹೀಗೆ ಹುಡುಕುತ್ತ ಹುಡುಕುತ್ತ ಚಾಟ್ ರೂಮು ಎಂಬ ಒಂದು ಕೋಣೆ ಸಿಕ್ಕಿತು: ಗೋಡೆಯಿಲ್ಲದ, ಬರಿಯ ಸಾಲುಗಳ ಕೋಣೆ, ಎಲ್ಲೆಲ್ಲಿಯೋ ಕೂತ ಕನ್ನಡದವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದುಕೊಂಡು ಹರಟುವ ಜಾಗ. ಚನ್ನೇಶ್, ಮೂವತ್ತೆಂಟು, ಶಿಕಾರಿಪುರ, ಎಂದು ಬರೆದು ಕಾದ. ಯಾರೂ ಮಾತಾಡಿಸಲಿಲ್ಲ. ಮರುದಿನವೂ ಬರೆದ. ಮದುವೆ ಮನೆಯಲ್ಲಿ ಎಲೆ ಹಾಕಿಸಿಕೊಂಡು, ಬಡಿಸುವವರು ತನ್ನನ್ನು ದಾಟಿ ಹೋಗುತ್ತಿದ್ದರೆ ಕೂತಿರುವಂತೆ ಕೂತಿದ್ದ. ಐದನೆಯ ದಿನ ಬಾಯಿಗೆ ಬಂದ ಒಂದು ಹೆಂಗಸಿನ ಹೆಸರು ಹಾಕಿದ, ವಯಸ್ಸು ಬಿಟ್ಟ. ಬೇರೆ ಏನನ್ನೂ ಬದಲಿಸಲಿಲ್ಲ. ಒಂದು ನಿಮಿಷದೊಳಗೆ ಹನ್ನೊಂದು ಜನ ನಮಸ್ಕಾರ ಹೇಳಿದರು.

ಅದರ ಸುಖವನ್ನು ಯಾರಿಗೆ ಹೇಳುವುದು. ಮಸ್ಕತ್ತಿನಲ್ಲಿದ್ದ ಅಕ್ಕನಾಗಮ್ಮ ಎಂಬ ಹೆಂಗಸು, ಶಿಕಾರಿಪುರದಲ್ಲಿ ಹುಟ್ಟಿದವಳು, ಹುಚ್ಚರಾಯನ ಕೆರೆ ಈ ಸಲ ಕೋಡಿ ಬಿದ್ದಿದೆಯೇ ಎಂದು ಕೇಳಿದಳು. ಹದಿನಾಲ್ಕು ವರ್ಷದಲ್ಲಿ ಕೆರೆಯ ಕಡೆ ತಿರುಗಿ ನೋಡದಿದ್ದವನು ಆ ಸಂಜೆ ಏರಿಯ ಮೇಲೆ ನಡೆದು ಹೋಗಿ ನೀರು ನೋಡಿ ಬಂದ, ಮರುದಿನ ಬರೆದ. ಅವಳು ಅತ್ತೆನೆಂದು ಬರೆದಳು. ತಾನು ಬರೆದದ್ದಕ್ಕೆ ಒಬ್ಬರು ಅತ್ತರು ಎಂಬುದು ಅವನನ್ನು ಬಸ್ಸಿನಲ್ಲಿ, ಊಟದಲ್ಲಿ, ಪಾಠದಲ್ಲಿ ಬೆಚ್ಚಗೆ ಇಟ್ಟಿತ್ತು. ತೀರ್ಥೇಶ್ ಬಂದದ್ದು ಆಮೇಲೆ. ರಾಣೆಬೆನ್ನೂರಿನ ಕಡೆಯವನು, ಪುಣೆಯ ಒಂದು ಪಾರ್ಸಲ್ ಕಚೇರಿಯಲ್ಲಿ ಕೆಲಸ. ಚನ್ನೇಶ್ ಶಿಕಾರಿಪುರದಲ್ಲಿರುವ ದಿನಗಳಲ್ಲೆಲ್ಲ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕಾದಿರುತ್ತಿದ್ದ. ಊಟ ಆಯ್ತಾ ತೀರ್ಥ? ಎಂದು ಚನ್ನೇಶ್ ಹೊಡೆಯುತ್ತಿದ್ದ. ಇನ್ನೂ ಇಲ್ಲ, ನಿಂದು? ಎಂದು ಆ ಕಡೆಯಿಂದ ಬರುತ್ತಿತ್ತು. ಅಂಥ ಒಂದು ದಿನವೂ ತಪ್ಪಿದ್ದಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ತೀರ್ಥೇಶ್, ನಮ್ಮ ಕಡೆಯವರು ಹೊಸಬರನ್ನು ಕೇಳುವ ಹಾಗೇ ಕೇಳಿದ: ಅಲ್ಲ, ನಿಜವಾದ ಹೆಸರೇನು, ಸ್ವಂತ ಊರು ಯಾವುದು, ಯಾರ ಪೈಕಿ, ಯಾರ ಮಗಳು ಅಂತ ಹೇಳಲೇ ಇಲ್ವಲ್ಲ? ಅದೊಂದು ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಈ ಸೀಮೆಯಲ್ಲಿ ಹುಟ್ಟಿದವರಿಂದ ಆಗುವುದಿಲ್ಲ. ಸೊರಬದ ಶಾಖೆಯಿಂದ ತಂದಿದ್ದ ಪರೀಕ್ಷೆಯ ಅರ್ಜಿಗಳ ಕಟ್ಟು ಎಡಗಡೆ ಇತ್ತು. ಮೇಲಿನದರಲ್ಲಿ ಮಾಲಾ, ತಂದೆ ರಾಜಪ್ಪ, ತಾಯಿ ತಿಮ್ಮಮ್ಮ, ಹೊಸಬಾಳೆ, ಸೊರಬ ತಾಲ್ಲೂಕು. ಬೆರಳು ತಾನೇ ಹೋಯಿತು. ಸಾಲಿನ ಕೊನೆಗೆ ಕಿರುಬೆರಳು ತಾನೇ ಬಲಕ್ಕೆ ಚಾಚಿ ಕಳಿಸುವ ಗುಂಡಿ ಒತ್ತಿತು. ಓದಿ ನೋಡುವಷ್ಟರಲ್ಲಿ ಪುಣೆ ಮುಟ್ಟಿತ್ತು.

ಬೆರಳೇ ಹೊಡೆದದ್ದು, ತಾನಲ್ಲ. ಈ ಎರಡು ವಾರ ಅವನು ತನಗೆ ತಾನೇ ಹೇಳಿಕೊಂಡದ್ದು ಇದನ್ನೇ. ಆದರೆ ಮಾರನೆಯ ದಿನ, ನೋಡೋಕೆ ಹೇಗಿದ್ದೀಯ ಎಂದು ತೀರ್ಥೇಶ್ ಕೇಳಿದಾಗ, ಅರ್ಜಿಗೆ ಅಂಟಿಸಿದ್ದ ಚಿಕ್ಕ ಫೋಟೋವನ್ನು ಕಣ್ಣಿನ ಹತ್ತಿರ ತಂದು ನೋಡಿದವರು ಯಾರು? ಗಲ್ಲದ ಎಡಕ್ಕೆ ಒಂದು ಮಚ್ಚೆ, ಉದ್ದನೆಯ ಜಡೆ, ನಗುವಾಗ ಕಣ್ಣು ಸಣ್ಣದಾಗುತ್ತದೆ ಎಂದು ಬರೆದವರು ಯಾರು? ಫೋಟೋದಲ್ಲಿ ಅವಳು ನಕ್ಕಿರಲಿಲ್ಲ. ನಕ್ಕಾಗ ಕಣ್ಣು ಸಣ್ಣದಾಗುವುದು ಅವನು ತರಗತಿಯಲ್ಲಿ ನೋಡಿದ್ದು. ಚನ್ನೇಶ್ ಬಸ್ಸಿನ ಮುಂದಿನ ಸೀಟಿನ ಕಬ್ಬಿಣವನ್ನು ಹಿಡಿದುಕೊಂಡ.

ಅರ್ಜಿಗಳು ಬೆಂಗಳೂರಿಗೆ ಹೋದ ದಿನ ಅವನಿಗೆ ಎಚ್ಚರವಾಯಿತು, ಹೆದರಿಕೆ ಹೊಕ್ಕಿತು. ಕೋಣೆಗೆ ಹೋಗುವುದನ್ನು ಬಿಟ್ಟ. ಸುಮ್ಮನಿದ್ದರೆ ಎಲ್ಲ ತಾನಾಗಿ ಆರಿಹೋಗುತ್ತದೆ ಎಂದುಕೊಂಡ. ಮೊನ್ನೆ ಬುಧವಾರ ತಡೆಯಲಾರದೆ ತೆರೆದಾಗ ಒಂಬತ್ತು ಪತ್ರಗಳಿದ್ದವು. ಮೊದಲನೆಯದರಲ್ಲಿ ಹುಷಾರಿಲ್ಲವೇ ಎಂದಿತ್ತು. ನಾಲ್ಕನೆಯದರಲ್ಲಿ, ಮನೆಯಲ್ಲಿ ಬೇರೆ ಕಡೆ ಗೊತ್ತು ಮಾಡಿದರೇ ಎಂದಿತ್ತು. ಕೊನೆಯದು ಎರಡೇ ಸಾಲು: ಶುಕ್ರವಾರ ನಿಮ್ಮೂರಿಗೆ ಬರ್ತೀನಿ. ಬೇಡ ಅನ್ನೋದಾದ್ರೆ ನನ್ನ ಎದುರಿಗೆ ನಿಂತು ಹೇಳು, ಅಲ್ಲೇ ಮುಗಿಸಿಬಿಡ್ತೀನಿ. ಏನನ್ನು ಮುಗಿಸುತ್ತಾನೆ? ಯಾರನ್ನು? ಚನ್ನೇಶ್ ಉತ್ತರ ಬರೆಯಲು ಕೂತ. ನಾನು ಮಾಲಾ ಅಲ್ಲ ಎಂದು ಹೊಡೆದ. ಹಿಂದೆ ಪರಮಶಿವಪ್ಪನವರ ಚಪ್ಪಲಿ ಸದ್ದಾಯಿತು, ಪರದೆ ಮುಚ್ಚಿದ. ಗುರುವಾರ ಟೆಲಿಫೋನ್ ಕೆಟ್ಟಿತ್ತು. ಅದಕ್ಕೂ ಮೊದಲು, ಮಂಗಳವಾರ ಸೊರಬದಲ್ಲಿ, ಹೆಸರು ಕದ್ದದ್ದನ್ನು ಹೇಳಿಬಿಡಬೇಕೆಂದೇ ಮಾಲಾಳ ಮೆಷಿನ್ನಿನ ಹಿಂದೆ ಹೋಗಿ ನಿಂತಿದ್ದ. "ಮಾಲಾ, ಮನೇಲಿ ಎಲ್ಲಾ ಆರಾಮಾ?" ಎಂದಷ್ಟೇ ಬಾಯಿಂದ ಬಂತು. "ಆರಾಮ್ ಸರ್, ಯಾಕೆ?" ಎಂದು ಅವಳು ತಿರುಗಿದಳು. "ಮಣಿಕಟ್ಟು ಎತ್ತಿ ಹಿಡಿ" ಎಂದು ಮುಂದಿನ ಸಾಲಿಗೆ ಹೋದ.

ಶಿರಾಳಕೊಪ್ಪದಲ್ಲಿ ಬಸ್ಸು ತುಂಬಿತು. ಪಕ್ಕದಲ್ಲಿ ಒಬ್ಬ ಹುಡುಗ ಬಂದು ಕೂತ, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡ. ಇಪ್ಪತ್ತೈದು ಇಪ್ಪತ್ತಾರು ಇರಬಹುದು, ಸಣ್ಣ ಆಳು. ಅಂಗಡಿಯ ಮಡಿಕೆ ಇನ್ನೂ ಹೋಗದ ಹೊಸ ಅಂಗಿ, ಕಾಲರಿನ ಒಳಗಿನ ಪ್ಲಾಸ್ಟಿಕ್ ಪಟ್ಟಿಯನ್ನೂ ತೆಗೆದಿರಲಿಲ್ಲ. ಅದು ಕತ್ತಿಗೆ ಚುಚ್ಚುತ್ತಿದ್ದರಿಂದ ಆಗಾಗ ತಲೆ ಹೊರಳಿಸುತ್ತಿದ್ದ. ಚನ್ನೇಶ್ ಅವನನ್ನು ನೋಡಿದರೂ ಹೆದರಲಿಲ್ಲ. ಅವನ ಹೆದರಿಕೆಯೊಳಗೆ ಬರುತ್ತಿದ್ದವನು ಬೇರೆ, ಎತ್ತರದವನು, ಬೂಟಿನವನು.

"ಸರ, ಹೊಸಬಾಳಿಗೆ ಹೋಗಾಕ ಸೊರಬದಾಗ ಇಳೀಬೇಕೇನ್ರಿ?"

ಕಿಟಕಿಯ ಹೊರಗೆ ಒಂದು ಗದ್ದೆ ಹೋಯಿತು, ಇನ್ನೊಂದು ಬಂತು. "ಹೂಂ" ಎಂದ ಚನ್ನೇಶ್. ದನಿ ತನ್ನದೆನ್ನಿಸಲಿಲ್ಲ. "ಅಲ್ಲಿಂದ ಟೆಂಪೋ ಸಿಗ್ತದೆ."

"ರಾಜಪ್ಪ ಅನ್ನೋರ ಮನಿ. ನಿಮಗ ಗೊತ್ತೇನ್ರಿ?"

"ಇಲ್ಲ. ನಾನು ಶಿಕಾರಿಪುರದೋನು."

ಹುಡುಗ ಸುಮ್ಮನಾಗಲಿಲ್ಲ. ರಾತ್ರಿಯೆಲ್ಲ ರೈಲಿನಲ್ಲಿ ನಿಂತು ಬಂದದ್ದು, ಹಾವೇರಿಯಲ್ಲಿ ಮುಖ ತೊಳೆದದ್ದು ಹೇಳಿದ. ಮಾತಾಡಲು ಯಾರಾದರೂ ಸಿಕ್ಕರೆ ಸಾಕಿತ್ತು. ತಾನು ಪುಂಡನಲ್ಲ ಎಂದು ಮೂರು ಸಲ ಹೇಳಿದ. ನಂಬದಿದ್ದರೆ ನೋಡಿ ಎಂದು ಬ್ಯಾಗಿನಿಂದ ಕಾಗದದ ಮಡಿಕೆ ತೆಗೆದ, ಅಂಚಿನಲ್ಲಿ ತೂತುಗಳಿರುವ ಕಂಪ್ಯೂಟರು ಕಾಗದ. "ನೋಡ್ರಿ, ಆಕಿನೇ ಬರ್ದದ್ದು." ಚನ್ನೇಶ್ ತನ್ನ ಸಾಲುಗಳನ್ನು ಓದಿದ. ಊಟ ಆಯ್ತಾ ತೀರ್ಥ? ಇವತ್ತು ಇಲ್ಲಿ ಮೋಡ. ನೀನು ಯಾಕೆ ಒಬ್ಬನೇ ಉಣ್ಣುತ್ತೀ? ಅಕ್ಷರ ಮಸಕಾಗಿದ್ದವು, ಮಡಿಕೆ ಹರಿದಿತ್ತು. ಎಷ್ಟು ಸಲ ಬಿಚ್ಚಿ ಮಡಚಿದ್ದನೋ. ಶರಣ್ಯಳಿಗೆ ಇಂಥ ಒಂದು ಸಾಲನ್ನು ಈ ಹನ್ನೆರಡು ವರ್ಷದಲ್ಲಿ ಹೇಳಿದ್ದುಂಟೇ ಎಂದು ಯೋಚಿಸಿ ಚನ್ನೇಶನಿಗೆ ನಾಚಿಕೆಯಾಯಿತು. ನಾಚಿಕೆಯ ಕೆಳಗೆ, ಹೇಸಿಗೆಯಾಗುವಂತೆ, ಚೂರು ಸಂತೋಷವೂ ಇತ್ತು: ಎಷ್ಟು ಚೆನ್ನಾಗಿ ಬರೆದಿದ್ದೇನೆ.

"ಇಷ್ಟು ಚಂದ ನನ್ನ ಕೂಡ ಯಾರೂ ಮಾತಾಡಿಲ್ರಿ. ನಮ್ಮವ್ವ ಬಿಟ್ರ ಊಟ ಆತೇನಂತ ಯಾರೂ ಕೇಳಿಲ್ಲ" ಎಂದ ತೀರ್ಥೇಶ್. ಬ್ಯಾಗಿನ ಬಾಯಿ ಇನ್ನೂ ತೆರೆದಿತ್ತು. ಒಳಗೆ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಸೀರೆಯ ಪಕ್ಕ ಪೇಪರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಬಾಟಲಿ. ಚನ್ನೇಶ್ ನೋಡುತ್ತಿರುವುದನ್ನು ಅವನು ನೋಡಿದ. "ಆಕಿ ಹೂಂ ಅಂದ್ರ ಸೀರಿ" ಎಂದ. ಆಮೇಲೆ ಕತ್ತು ಹೊರಳಿಸಿ ನಕ್ಕ. "ಇಲ್ಲ ಅಂದ್ರ ಇನ್ನೊಂದು. ನಾ ಕುಡೀಬೇಕೋ ಆಕಿ ಮುಖಕ್ಕ ಹಾಕ್ಬೇಕೋ, ಅದನ್ನ ಇನ್ನಾ ತೀರ್ಮಾನ ಮಾಡಿಲ್ರಿ." ತಮಾಷೆಗೆ ಹೇಳಿದ ಹಾಗೇ ಹೇಳಿದ. ಆದರೆ ಬಾಟಲಿಯ ಮೇಲೆ ಬಂದ ಅವನ ಕೈ ಬಹಳ ಹೊತ್ತು ಅಲ್ಲೇ ಇತ್ತು. ಉಗುರುಗಳು ಕಡಿದು ಕಡಿದು ಚರ್ಮದೊಳಗೆ ಹೋಗಿದ್ದವು.

ಈಗ ಹೇಳಬೇಕು. ನಾನೇ ಅದು, ನಾನೇ ಬರೆದದ್ದು. ಒಂದೇ ಉಸಿರಿನ ಮಾತು. ಚನ್ನೇಶ್ ಬಾಯಿ ತೆರೆದ. ಹಿಂದಿನ ಸೀಟಿನಿಂದ ನಿಂಗಮ್ಮ, ಸೊರಬದ ಶಾಖೆಯಲ್ಲಿ ಕಸ ಗುಡಿಸುವಾಕೆ, "ಏನ್ ಮೇಷ್ಟ್ರೆ, ಇವತ್ತು ಮಾತೇ ಇಲ್ಲ?" ಎಂದಳು. ಬಾಯಿ ಮುಚ್ಚಿಕೊಂಡ. ಇವಳಿಗೆ ತಿಳಿದರೆ ಸಂಜೆಯೊಳಗೆ ಸೊರಬಕ್ಕೆಲ್ಲ ತಿಳಿಯುತ್ತದೆ. ಹೆಂಗಸಿನ ಹೆಸರಿನಲ್ಲಿ ಗಂಡಸಿನ ಜೊತೆ ಸರಸವಾಡಿದ ಮೇಷ್ಟ್ರು. ಪರಮಶಿವಪ್ಪನವರ ನಗೆ, ಹುಡುಗಿಯರ ನಗೆ. ಆಮೇಲೆ ಶರಣ್ಯ ಬೀದಿಯ ನಲ್ಲಿಗೆ ಹೇಗೆ ಹೋಗಬೇಕು? ತಲೆ ಬೇಗಬೇಗ ಲೆಕ್ಕ ಹಾಕಿತು. ಮಾಲಾ ಹತ್ತೂವರೆಗೆಲ್ಲ ತರಗತಿಯಲ್ಲಿ ಬಂದು ಕೂತಿರುತ್ತಾಳೆ. ಈಗ ಹನ್ನೊಂದಾಗುತ್ತ ಬಂತು. ಇವನನ್ನು ಹೊಸಬಾಳೆಗೆ ಕಳಿಸಿದರೆ ಅಲ್ಲಿ ಅವಳು ಸಿಗುವುದಿಲ್ಲ. ರಾಜಪ್ಪ ನಾಲ್ಕು ಬಿಗಿದು ಓಡಿಸುತ್ತಾನೆ. ಅಷ್ಟರೊಳಗೆ ತಾನು ಅವಳನ್ನು ಎಲ್ಲಿಗಾದರೂ ಸಾಗಿಸಬಹುದು. ಹೀಗೆ ಯೋಚಿಸಿದಾಗ ತಾನು ಅವಳನ್ನು ಉಳಿಸುತ್ತಿದ್ದೇನೆ ಎಂದೇ ಅವನಿಗೆ ಅನ್ನಿಸಿತು. ಅಪ್ಪನ ಮನೆ ಬಾಗಿಲಲ್ಲಿ ಈ ಕಾಗದ ಬಿಚ್ಚಿದ ಮೇಲೆ ಆ ಹುಡುಗಿಯ ಮಾತನ್ನು ಯಾರು ನಂಬುತ್ತಾರೆ ಎಂಬ ಯೋಚನೆಯೂ ಬಂತು. ಅದನ್ನು ಪಕ್ಕಕ್ಕೆ ತಳ್ಳಿದ.

ಸೊರಬದಲ್ಲಿ ಇಳಿದರು. ಬಿಸಿಲು ಬಿದ್ದಿತ್ತು, ಚಹಾದಂಗಡಿಯ ಮುಂದೆ ನಾಲ್ಕಾರು ಜನ ನಿಂತಿದ್ದರು, ಅದರಲ್ಲಿ ಇಬ್ಬರು ಅವನ ಹಳೆಯ ವಿದ್ಯಾರ್ಥಿಗಳು; ಕೈ ಮುಗಿದರು. "ಎಲ್ಲಿ ನಿಂದರ್ತದ್ರಿ ಟೆಂಪೋ?" ಎಂದ ತೀರ್ಥೇಶ್. ಚನ್ನೇಶ್ ಕೈ ತೋರಿಸಿದ. ಕೈ ತೋರಿಸಿದ ಕಡೆಯಿಂದಲೇ ಹೊಸಬಾಳೆಯ ಟೆಂಪೋ ಬಂದು ನಿಂತಿತು. ಹುಲ್ಲಿನ ಹೊರೆ ಇಳಿಯಿತು, ಹಾಲಿನ ಕ್ಯಾನು ಇಳಿಯಿತು, ಇಬ್ಬರು ಹೆಂಗಸರು ಇಳಿದರು. ಅವರ ಹಿಂದೆ ರಟ್ಟಿನ ಫೈಲನ್ನು ಎದೆಗೊತ್ತಿಕೊಂಡು ಮಾಲಾ ಇಳಿದಳು. ಇವತ್ತು ತಡವಾಗಿ ಬಂದಿದ್ದಳು.

ಅವಳು ಮೊದಲು ಮೇಷ್ಟ್ರನ್ನು ನೋಡಿದಳು. ತಡವಾಯಿತೆಂದು ತಪ್ಪೊಪ್ಪಿಕೊಳ್ಳುವವಳಂತೆ ನಕ್ಕಳು; ಕಣ್ಣು ಸಣ್ಣದಾಯಿತು. ಗಲ್ಲದ ಎಡಕ್ಕೆ ಮಚ್ಚೆ. ಟೆಂಪೋದ ಕಡೆ ನಡೆಯುತ್ತಿದ್ದ ತೀರ್ಥೇಶ್ ನಿಂತುಬಿಟ್ಟ. ಬೆನ್ನು ಮಾತ್ರ ಕಾಣುತ್ತಿತ್ತು, ಮಡಿಕೆ ಬಿದ್ದ ಹೊಸ ಅಂಗಿಯ ಬೆನ್ನು. ಬಲಗೈ ಬ್ಯಾಗಿನ ಜಿಪ್ಪಿನ ಮೇಲೆ ಹೋಯಿತು. ಅವರಿಬ್ಬರ ನಡುವೆ ಹತ್ತು ಹೆಜ್ಜೆ. ಅವಳು ಅವನ ಕಡೆಗೇ, ಅಂದರೆ ಅವನ ಹಿಂದೆ ಇದ್ದ ಮೇಷ್ಟ್ರ ಕಡೆಗೆ, ನಡೆದು ಬರುತ್ತಿದ್ದಳು. ಎಂಟು ಹೆಜ್ಜೆ. ಚನ್ನೇಶನ ಕಾಲು ನೆಲಕ್ಕೆ ಅಂಟಿತ್ತು. ಚಹಾದಂಗಡಿಯವರು, ನಿಂಗಮ್ಮ, ಹಳೆಯ ವಿದ್ಯಾರ್ಥಿಗಳು, ಎಲ್ಲರೂ ಇದ್ದಾರೆ, ಎಲ್ಲರಿಗೂ ಕೇಳಿಸುತ್ತದೆ.

"ಊಟ ಆಯ್ತಾ ತೀರ್ಥ?"

ಇಷ್ಟು ಜೋರಾಗಿ ಅವನು ತರಗತಿಯಲ್ಲೂ ಎಂದೂ ಕೂಗಿರಲಿಲ್ಲ.

"ಇನ್ನೂ ಇಲ್ಲ, ನಿಂದು?" ಎಂದ ತೀರ್ಥೇಶ್, ತಿರುಗದೆ, ಕಣ್ಣು ಮಾಲಾಳ ಮೇಲಿಟ್ಟು. ಅವನ ನಾಲಿಗೆ ತಾನೇ ಹೇಳಿತ್ತು. ಹೇಳಿದ ಮೇಲೆ ಮಾತು ಅವನ ಕಿವಿಗೆ ಬಿತ್ತು. ಮೆಲ್ಲಗೆ ತಿರುಗಿದ.

"ಯಾರ್ರೀ ನೀವು? ಆ ಕಾಗದ ಓದಿ ಅಣಕಸ್ತೀರೇನು?"

"ಕಾಗದದಲ್ಲಿ ಇಲ್ಲದ್ದು ಹೇಳ್ತೀನಿ" ಎಂದ ಚನ್ನೇಶ್. "ನಿಮ್ಮವ್ವ ತೀರ್ಕೊಂಡ ಸುದ್ದಿ ಬಂದಾಗ ನೀನು ಅಳಲಿಲ್ಲ. ಸಂಜೆ ತನಕ ಪಾರ್ಸಲ್ಲಿಗೆ ಚೀಟಿ ಅಂಟಿಸ್ತಾ ಕೂತಿದ್ದೆ. ಅದನ್ನ ಯಾರಿಗೂ ಹೇಳಬೇಡ ಅಂತ ಬರ್ದಿದ್ದೆ. ಅದೂ ಅಳೋದೇ ಅಂತ ನಾನು ಬರ್ದೆ. ನಾನು. ಈ ಹುಡುಗಿ ಅಲ್ಲ. ಈ ಹುಡುಗಿಗೆ ನೀನು ಯಾರಂತಲೂ ಗೊತ್ತಿಲ್ಲ. ನಾನು ಇವಳ ಅರ್ಜಿ ನೋಡಿ ಹೆಸರು ಕದ್ದೆ. ಬೆರಳು ತಪ್ಪಿತು ಅಂತ ಇಷ್ಟು ದಿನ ಹೇಳ್ಕೊಂಡೆ. ತಪ್ಪಿಲ್ಲ. ನೋಡೇ ಬರ್ದದ್ದು."

ಚಹಾದಂಗಡಿಯಲ್ಲಿ ಯಾರೋ ಗ್ಲಾಸು ಕೆಳಗಿಟ್ಟರು. ಹಳೆಯ ವಿದ್ಯಾರ್ಥಿಯೊಬ್ಬ ಅರ್ಧ ನಕ್ಕು ನಿಲ್ಲಿಸಿದ. "ಅಯ್ಯೋ ಶಿವನೆ, ಮೇಷ್ಟ್ರೆ" ಎಂದಳು ನಿಂಗಮ್ಮ. ಮಾಲಾ ಎಲ್ಲಿದ್ದಳೋ ಅಲ್ಲೇ ನಿಂತಿದ್ದಳು. ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಅದನ್ನೇನು ಮಾಡಬೇಕೆಂದು ಅವಳಿಗೆ ತಿಳಿಯದೆ ಹಾಗೇ ಉಳಿದಿತ್ತು. ಫೈಲನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. "ಸರ್?" ಎಂದಳು. ಅವನು ಅವಳ ಕಡೆ ನೋಡಲಿಲ್ಲ. ಆ ಒಂದು ಶಬ್ದವನ್ನು ಇನ್ನು ಬದುಕಿರುವಷ್ಟು ದಿನ ಕೇಳಿಸಿಕೊಳ್ಳಬೇಕಾಗುತ್ತದೆಂದು ಗೊತ್ತಿತ್ತು.

ತೀರ್ಥೇಶ್ ಅವನ ಮುಖ ನೋಡುತ್ತಿದ್ದ. ನರೆತ ಕೆನ್ನೆಗೂದಲು, ಹಣೆಯ ವಿಭೂತಿ, ಜೇಬಿನಲ್ಲಿ ಸಿಕ್ಕಿಸಿದ ಎರಡು ಪೆನ್ನು, ಒಂದೊಂದನ್ನೂ ನಿಧಾನವಾಗಿ ನೋಡಿದ. ತುಟಿ ಅಳುವವನ ಹಾಗೆ ಎಳೆದುಕೊಂಡಿತು, ಅಳು ಬರಲಿಲ್ಲ. ಬ್ಯಾಗಿನ ಜಿಪ್ಪು ಎಳೆದ ಸದ್ದು ಎಲ್ಲರಿಗೂ ಕೇಳಿಸಿತು. ಸೀರೆ ನೆಲಕ್ಕೆ ಬಿತ್ತು, ಅದರತ್ತ ಅವನು ನೋಡಲಿಲ್ಲ. ಕೈ ಮತ್ತೆ ಒಳಗೆ ಹೋಯಿತು, ರಬ್ಬರ್ ಬ್ಯಾಂಡ್ ಟಪ್ಪೆಂದು ಹರಿಯಿತು.

ಚನ್ನೇಶನಿಗೆ ಓಡಬೇಕೆನ್ನಿಸಿತು. ಇಡೀ ಮೈ ಓಡು ಎನ್ನುತ್ತಿತ್ತು. ಎರಡೇ ಹೆಜ್ಜೆಯಲ್ಲಿ ಅವನನ್ನು ದಾಟಿ, ಅವನ ಕಡೆ ತಿರುಗಿ, ಒಂದು ಹೆಜ್ಜೆ ಎಡಕ್ಕೆ ಸರಿದು, ಹುಡುಗನಿಗೆ ಮಾಲಾ ಕಾಣದಂತೆ ನಿಂತುಕೊಂಡ.